ಅವ್ವನ ಮೊಣಕಾಲಿಗೆ ಬೆಲೆ ಕಟ್ಟುವವರಾರು?

ತಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಲ್ಲಿ ದುಡಿದು ಮೊಣಕಾಲು ಸವೆಸಿಕೊಂಡ ತಾಯಂದಿರಿದ್ದಾರೆ. ಕೀಲು ಬದಲಿಸಬೇಕೆಂದು ವಿಜಯಪುರದಲ್ಲಿ ವೈದ್ಯರು ಹೇಳಿದರೆ ಮನೆಯಲ್ಲಿ ಏಳುವ ಮಾತು: "ಈ ವಯಸ್ಸಿನಾಗ ಅವ್ವಗ ಇಷ್ಟು ಖರ್ಚು ಯಾಕ?"

ಕೃತಕ ಕೀಲನ್ನು ಕೂರಿಸುವ ಬೋನ್ ಸಿಮೆಂಟನ್ನು 1960ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಚಾರ್ನ್ಲಿ ರೂಢಿಗೆ ತಂದರು. ಅದು ಅಂಟಲ್ಲ. ಕಲಸಿದ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗಿ, ಮೂಳೆಗೂ ಲೋಹಕ್ಕೂ ನಡುವಿನ ತೆರಪು ತುಂಬಿ, ದೇಹದ ಭಾರವನ್ನು ಹಂಚುತ್ತದೆ.

ಕುಟುಂಬವೂ ಹಾಗೆಯೇ ಭಾರ ಹಂಚಿಕೊಳ್ಳಬೇಕು. 2017ರಲ್ಲಿ ಸರ್ಕಾರ ಮೊಣಕಾಲಿನ ಕೃತಕ ಕೀಲಿಗೆ ಗರಿಷ್ಠ ಬೆಲೆ ನಿಗದಿ ಮಾಡಿತು. ಆದರೂ ಬಡವರಿಗೆ ಅದು ಹೊರೆಯೇ. ಶಕ್ತಿ ಮೀರಿ ಸಾಲ ಮಾಡಿರೆಂದು ಧರ್ಮಸಭೆ ಹೇಳುವುದಿಲ್ಲ. ಆದರೆ "ಇನ್ನು ದುಡಿಯಲಾರಳು" ಎಂಬುದು ಬೇಡವೆನ್ನಲು ಕಾರಣವಾಗದಿರಲಿ. ತಾಯ್ತಂದೆಯರನ್ನು ಗೌರವಿಸಬೇಕೆಂಬ ದೇವರಾಜ್ಞೆಗೆ ವಯಸ್ಸಿನ ಮಿತಿಯಿಲ್ಲ. ಮೊದಲು ಅವ್ವನನ್ನೇ ಕೇಳಿ.