ವ್ಯಾಯಾಮವು ಎಷ್ಟು ಬೇಕು?

ಆರೋಗ್ಯಕ್ಕೆ ವ್ಯಾಯಾಮವು ಅವಶ್ಯವೆಂಬದನ್ನು ಅಲ್ಲಗಳೆಯುವವರು ಈಗ ಯಾರೂ ಇಲ್ಲ. ಅದು ಎಷ್ಟು ಬೇಕೆಂಬಲ್ಲಿ ಮಾತ್ರ ಜನರ ಅಭಿಪ್ರಾಯಗಳು ನಾನಾ ವಿಧವಾಗಿರುವವು. ದಿನಾಲು ಹತ್ತು ಸಾವಿರ ಹೆಜ್ಜೆ ನಡೆಯಲೇಬೇಕೆಂದು ಒಬ್ಬರು ಕೈಗಡಿಯಾರವನ್ನು ನೋಡಿಕೊಂಡು ಹೇಳುವರು. ಬೆವರು ನೆಲಕ್ಕೆ ತೊಟ್ಟಿಕ್ಕುವ ವರೆಗೆ ದಂಡ ಬೈಠಕಗಳನ್ನು ತೆಗೆಯದಿದ್ದರೆ ಅದು ವ್ಯಾಯಾಮವೇ ಅಲ್ಲವೆಂದು ಇನ್ನೊಬ್ಬರು ವಾದಿಸುವರು. ನಮ್ಮ ಹಿರಿಯರು ಯಾವ ವ್ಯಾಯಾಮ ಮಾಡಿದ್ದರೆಂದು ಮೂರನೆಯವರು ಕೇಳುವರು. ಇದು ವೈದ್ಯರ ಪ್ರಶ್ನೆ ಮಾತ್ರವಾಗಿದ್ದರೆ ಒಂದು ಅಂಕಿಯನ್ನು ಹೇಳಿ ಮುಗಿಸಬಹುದಾಗಿತ್ತು. ಆದರೆ ಇದರೊಳಗೆ ಧರ್ಮದ ಪ್ರಶ್ನೆಯೂ ಒಂದು ಅಡಗಿರುವದು. ದೇಹಕ್ಕಾಗಿ ನಾವು ಮಾಡುವದರಲ್ಲಿ ಎಷ್ಟು ಕರ್ತವ್ಯ, ಎಷ್ಟು ಬರಿಯ ಹವ್ಯಾಸ? ಆ ಕರ್ತವ್ಯವನ್ನು ನೆರವೇರಿಸಲು ಮನೆಯಲ್ಲಿ ಯಾರಿಗೆ ಅವಕಾಶವುಂಟು, ಯಾರಿಗಿಲ್ಲ? ಇವನ್ನು ವಾಚಕರ ಮುಂದಿಟ್ಟು ವಿಚಾರಿಸುವದೇ ಈ ಲೇಖನದ ಉದ್ದೇಶವು.

ಮೊದಲು ಶಬ್ದಾರ್ಥವನ್ನು ನೋಡೋಣ. ‘ವಿ’ ಮತ್ತು ‘ಆ’ ಎಂಬ ಉಪಸರ್ಗಗಳೊಡನೆ ‘ಯಮ್’ ಧಾತುವು ಕೂಡಿ ‘ವ್ಯಾಯಾಮ’ ಶಬ್ದವಾಗಿರುವದು. ಚಾಚುವದು, ಹರಡುವದು ಎಂಬದು ಅದರ ಮೂಲಾರ್ಥವು. ಆಯಾಸವೆಂಬದು ಬೇರೆ ಧಾತುವಿನಿಂದ ಹುಟ್ಟಿದ ಬೇರೆ ಶಬ್ದವು. ಎಲ್ಲ ವ್ಯಾಯಾಮದಲ್ಲಿಯೂ ಸ್ವಲ್ಪ ಆಯಾಸವಿರುವದು ನಿಜ. ಆದರೆ ಎಲ್ಲ ಆಯಾಸವೂ ವ್ಯಾಯಾಮವಲ್ಲ. ಈ ಭೇದವನ್ನು ವಾಚಕರು ನೆನಪಿನಲ್ಲಿಡಬೇಕು; ಮುಂದೆ ಇದರಿಂದ ಪ್ರಯೋಜನವುಂಟು.

ಈಗ ಮೊದಲನೆಯ ಪೂರ್ವಪಕ್ಷವನ್ನು ಎತ್ತಿಕೊಳ್ಳುವೆನು: ಹಿರಿಯರು ವ್ಯಾಯಾಮವೆಂದು ಪ್ರತ್ಯೇಕವಾಗಿ ಏನನ್ನೂ ಮಾಡಲಿಲ್ಲ, ಆದರೂ ಗಟ್ಟಿಮುಟ್ಟಾಗಿದ್ದರು, ಆದುದರಿಂದ ನಮಗೂ ಬೇಡ. ಈ ವಾದದಲ್ಲಿ ಎರಡು ದೋಷಗಳಿವೆ. ಹಿರಿಯರೆಲ್ಲರೂ ದೀರ್ಘಾಯುಗಳಾಗಿದ್ದರೆಂಬದು ನಿಜವಲ್ಲ. 1947ರ ಸುಮಾರಿಗೆ ಭಾರತೀಯರ ಸರಾಸರಿ ಆಯುಷ್ಯವು 32 ವರ್ಷಗಳ ಆಸುಪಾಸಿನಲ್ಲಿತ್ತು. ಈಗ ಅದು 70ನ್ನು ದಾಟಿರುವದು. ಪ್ಲೇಗು, ಕಾಲರಾ, ಮಲೇರಿಯಾ, ಬಾಣಂತಿತನದ ಕಷ್ಟ ಇವುಗಳಿಂದ ಜನರು ಹರೆಯದಲ್ಲಿಯೇ ಹೋಗುತ್ತಿದ್ದರು. ಬದುಕಿ ಉಳಿದ ಗಟ್ಟಿಗರನ್ನಷ್ಟೇ ನಾವು ನೆನೆಯುತ್ತೇವೆ. ಎರಡನೆಯದಾಗಿ, ಅವರ ದಿನಚರಿಯೇ ವ್ಯಾಯಾಮವಾಗಿತ್ತು. ಹೆಣ್ಣುಮಕ್ಕಳು ಕೋಳಿ ಕೂಗುವಾಗ ಎದ್ದು ಬೀಸುಕಲ್ಲಿನ ಮುಂದೆ ಕೂಡುತ್ತಿದ್ದರು. ಒನಕೆ ಹಿಡಿದು ಬತ್ತ ಕುಟ್ಟುತ್ತಿದ್ದರು. ಬಾವಿಯಿಂದ ನೀರು ಸೇದಿ ಕೊಡಗಳನ್ನು ಹೊರುತ್ತಿದ್ದರು. ಗಂಡಸರು ರಂಟೆ ಕುಂಟೆಗಳ ಹಿಂದೆ ದಿನವೆಲ್ಲ ನಡೆಯುತ್ತಿದ್ದರು. ಈಗ ನಮ್ಮ ಕಲಘಟಗಿ ತಾಲೂಕಿನ ಬತ್ತದ ಗದ್ದೆಗಳಲ್ಲಿಯೂ ನವಲಗುಂದದ ಎರೆಹೊಲಗಳಲ್ಲಿಯೂ ಟ್ರಾಕ್ಟರು ಓಡಾಡುವದು. ಹಿಟ್ಟು ಗಿರಣಿಯಿಂದ ಬರುವದು. ನೀರು ನಳದಲ್ಲಿ ಬರುವದು. ಅರ್ಧ ಹರದಾರಿಯ ದಾರಿಗೂ ಮೋಟಾರು ಸೈಕಲು ಬೇಕಾಗಿರುವದು. ಇದಕ್ಕಾಗಿ ಮರುಗಬೇಕಾದುದಿಲ್ಲ. ಬೀಸುಕಲ್ಲಿನ ಕಷ್ಟವನ್ನು ಕಂಡವರು ಅದನ್ನು ಮತ್ತೆ ಬಯಸಲಾರರು. ಆದರೆ ಯಂತ್ರವು ನಮ್ಮ ಕಷ್ಟವನ್ನು ಒಯ್ಯುವಾಗ ಅದರೊಳಗಿದ್ದ ವ್ಯಾಯಾಮವನ್ನೂ ಒಯ್ದಿರುವದು. ಪಟ್ಟಣದ ರೋಗಗಳೆಂದು ನಾವೆಣಿಸಿದ ಮಧುಮೇಹ ರಕ್ತದೊತ್ತಡಗಳು ಈಗ ಹಳ್ಳಿಯ ಕಟ್ಟೆಯ ಮೇಲಿನ ನಿತ್ಯದ ಮಾತಾಗಿರುವದಕ್ಕೆ ಇದೂ ಒಂದು ಕಾರಣವು.

ಎರಡನೆಯ ಪೂರ್ವಪಕ್ಷವು ಇದಕ್ಕೆ ವಿರುದ್ಧವಾದದ್ದು: ವ್ಯಾಯಾಮವು ಒಳ್ಳೆಯದಾದರೆ ಹೆಚ್ಚಿದಷ್ಟೂ ಒಳ್ಳೆಯದು. ನಮ್ಮ ಪ್ರಾಂತವು ಗರಡಿಮನೆಗಳ ಪ್ರಾಂತವಾದುದರಿಂದ ಈ ಮಾತು ನಮಗೆ ಸಹಜವಾಗಿ ರುಚಿಸುವದು. ಕುಸ್ತಿಯ ಪೈಲವಾನನ ಸಾಮು, ಗುಂಡುಕಲ್ಲನ್ನು ಎತ್ತುವ ಸಾಹಸ, ಮಲ್ಲಗಂಬದ ಚಮತ್ಕಾರ ಇವು ನಮ್ಮ ಜಾತ್ರೆ ಹಬ್ಬಗಳ ಅಲಂಕಾರಗಳು. ಇವುಗಳ ವಿಷಯದಲ್ಲಿ ನನಗೆ ಗೌರವವುಂಟು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದ ಕೆ. ವಿ. ಅಯ್ಯರರು ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಯಿಸಿ, ಬಲಿಷ್ಠ ದೇಹಕ್ಕೂ ಸಾಹಿತ್ಯಕ್ಕೂ ವೈರವಿಲ್ಲವೆಂದು ತೋರಿಸಿಕೊಟ್ಟರು. ನಮಗೆ ನೆರೆಯದಾದ ಮರಾಠಿ ಸೀಮೆಯ ಔಂಧ ಸಂಸ್ಥಾನದ ಅರಸರು ಸೂರ್ಯನಮಸ್ಕಾರವನ್ನು ಶಾಲೆಗಳಲ್ಲಿ ಹರಡಿದರು. ಮಲ್ಲಾಡಿಹಳ್ಳಿಯ ರಾಘವೇಂದ್ರ ಸ್ವಾಮಿಗಳು ಯೋಗ ವ್ಯಾಯಾಮಗಳನ್ನು ಸಾಮಾನ್ಯ ಜನರಿಗೆ ಕಲಿಸುವದರಲ್ಲಿಯೇ ಆಯುಷ್ಯವನ್ನು ಸವೆಸಿದರು. ಆದರೆ ಮಲ್ಲನಿಗೆ ಎಷ್ಟು ಬೇಕೆಂಬದು ಒಂದು ಪ್ರಶ್ನೆ. ಆರೋಗ್ಯವಂತನಾದ ಗೃಹಸ್ಥನಿಗೆ ಎಷ್ಟು ಬೇಕೆಂಬದು ಇನ್ನೊಂದು ಪ್ರಶ್ನೆ. ಮೊದಲನೆಯದರ ಉತ್ತರವನ್ನು ಎರಡನೆಯದಕ್ಕೆ ಹಚ್ಚುವದರಿಂದಲೇ ಅನೇಕರು ಹೆದರಿ ಏನನ್ನೂ ಮಾಡದೆ ಕೂಡುವರು.

ಈ ವಿಷಯದಲ್ಲಿ ನಮ್ಮ ಆಯುರ್ವೇದಾಚಾರ್ಯರ ನಿರ್ಣಯವು ಬಹು ಸಮಂಜಸವಾಗಿರುವದು. ಚರಕನು ವ್ಯಾಯಾಮದ ಲಕ್ಷಣವನ್ನು ಹೇಳುವಲ್ಲಿಯೇ ಅದನ್ನು ಮಿತಿಯರಿತು ಮಾಡಬೇಕೆಂದು ಸೇರಿಸಿ, ಅತಿಯಾದರೆ ಆಗುವ ಕೇಡುಗಳನ್ನೂ ಎಣಿಸಿರುವನು. ವಾಗ್ಭಟನು ಅಷ್ಟಾಂಗಹೃದಯದ ದಿನಚರ್ಯಾಧ್ಯಾಯದಲ್ಲಿ, ಬಲಶಾಲಿಯೂ ಸ್ನಿಗ್ಧಾಹಾರವನ್ನು ಉಣ್ಣುವವನೂ ಆದ ಮನುಷ್ಯನಿಗೆ ಕೂಡ ಚಳಿಗಾಲ ವಸಂತಗಳಲ್ಲಿ ಅರ್ಧಶಕ್ತಿಯನ್ನೂ ಉಳಿದ ಋತುಗಳಲ್ಲಿ ಅದಕ್ಕೂ ಕಡಿಮೆಯನ್ನೂ ವಿಧಿಸಿರುವನು. ಅರ್ಧಶಕ್ತಿಯನ್ನು ಅರಿಯುವ ಬಗೆ ಹೇಗೆ? ಎದೆಯೊಳಗಿನ ಉಸಿರು ಬಾಯಿಗೆ ಬರತೊಡಗಿದಾಗ ಅರ್ಧಬಲವು ವೆಚ್ಚವಾಯಿತೆಂದು ಸುಶ್ರುತನ ಅಭಿಪ್ರಾಯವು. ಈ ಅಳತೆಯ ಸೊಗಸನ್ನು ಗಮನಿಸಿರಿ. ಇಲ್ಲಿ ಎಲ್ಲರಿಗೂ ಒಂದೇ ಅಂಕಿಯಿಲ್ಲ. ಪೈಲವಾನನಿಗೆ ಅವನ ಅರ್ಧ, ಮುದುಕನಿಗೆ ಮುದುಕನ ಅರ್ಧ. ಅಳತೆಗೋಲು ಅವರವರ ದೇಹದೊಳಗೇ ಇರುವದು.

ಇಂದಿನ ವಿಜ್ಞಾನವು ಬೇರೆ ದಾರಿಯಿಂದ ಬಂದು ಬಹುಮಟ್ಟಿಗೆ ಇಲ್ಲಿಯೇ ನಿಂತಿರುವದು. 1953ರಲ್ಲಿ ಜೆರೆಮಿ ಮಾರಿಸ್ ಎಂಬ ವೈದ್ಯನೂ ಅವನ ಸಂಗಡಿಗರೂ ಲಂಡನ್ನಿನ ಎರಡಂತಸ್ತಿನ ಬಸ್ಸುಗಳ ನೌಕರರನ್ನು ಪರೀಕ್ಷಿಸಿ ಒಂದು ಪ್ರಸಿದ್ಧ ಲೇಖನವನ್ನು ಪ್ರಕಟಿಸಿದರು. ದಿನವೆಲ್ಲ ಕುಳಿತಿರುವ ಚಾಲಕರಿಗಿಂತ, ಮೆಟ್ಟಿಲು ಹತ್ತಿಳಿದು ಟಿಕೇಟು ಕೊಡುವ ನಿರ್ವಾಹಕರಲ್ಲಿ ಹೃದ್ರೋಗವು ಕಡಿಮೆಯಾಗಿ ಕಂಡಿತು. ಬಳಿಕ ನೋಡಲಾಗಿ, ಚಾಲಕರಿಗೆ ಕೊಟ್ಟ ಸಮವಸ್ತ್ರಗಳ ಸೊಂಟದಳತೆಯೇ ದೊಡ್ಡದಾಗಿತ್ತೆಂದು ತಿಳಿದು, ಭೇದಕ್ಕೆ ಚಲನೆಯೊಂದೇ ಕಾರಣವಲ್ಲವೆಂಬ ಎಚ್ಚರವೂ ಹುಟ್ಟಿತು. ಮುಂದೆ ನಡೆದ ಅನೇಕ ಪರಿಶೀಲನೆಗಳಿಂದ ಮೂಲ ಮಾತು ದೃಢಪಟ್ಟಿತು. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೇಳಿದ ಪ್ರಮಾಣವು ಹೀಗಿದೆ: ಪ್ರಾಯದವರಿಗೆ ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮ, ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮ, ವಾರಕ್ಕೆ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ, ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ. ಮಧ್ಯಮ ಶ್ರಮದ ಗುರುತೇನೆಂದರೆ, ಮಾತಾಡಲು ಬರಬೇಕು, ಹಾಡಲು ಬರಬಾರದು. ಸುಶ್ರುತನ ಉಸಿರಿನ ಅಳತೆಗೆ ಇದು ಎಷ್ಟು ಸಮೀಪವಾಗಿದೆಯೆಂಬದನ್ನು ಬೇರೆ ಹೇಳಬೇಕಾಗಿಲ್ಲ.

ಇನ್ನು ಹತ್ತು ಸಾವಿರ ಹೆಜ್ಜೆಗಳ ಮಾತು. ಆ ಸಂಖ್ಯೆಯು ಯಾವ ವೈದ್ಯಶಾಸ್ತ್ರದಿಂದಲೂ ಹುಟ್ಟಿದ್ದಲ್ಲ. 1965ರ ಸುಮಾರಿಗೆ ಜಪಾನದಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಒಂದು ಯಂತ್ರದ ಹೆಸರೇ ‘ಹತ್ತು ಸಾವಿರ ಹೆಜ್ಜೆಯ ಮಾಪಕ’ ಎಂದಿತ್ತು. ಅಲ್ಲಿಂದ ಅದು ಜಗತ್ತೆಲ್ಲ ಹರಡಿತು. 2019ರಲ್ಲಿ ಅಮೇರಿಕೆಯ 16,000ಕ್ಕೂ ಹೆಚ್ಚು ಹಿರಿಯ ಹೆಂಗಸರ ಹೆಜ್ಜೆಗಳನ್ನು ಎಣಿಸಿದ ಪರಿಶೀಲನೆಯೊಂದು ಪ್ರಕಟವಾಯಿತು. ದಿನಕ್ಕೆ ಸುಮಾರು 2,700 ಹೆಜ್ಜೆ ನಡೆಯುವವರಿಗಿಂತ 4,400 ಹೆಜ್ಜೆ ನಡೆಯುವವರಲ್ಲಿ ಮರಣವು ಬಹಳ ಕಡಿಮೆಯಾಗಿತ್ತು. 7,500ರ ಸುಮಾರಿನಿಂದಾಚೆ ಹೆಚ್ಚಿನ ಲಾಭವು ಕಾಣಲಿಲ್ಲ. ಏನೂ ಇಲ್ಲದಲ್ಲಿಂದ ಸ್ವಲ್ಪಕ್ಕೆ ಬರುವದರಲ್ಲಿಯೇ ಅತಿ ದೊಡ್ಡ ಲಾಭವಿರುವದೆಂಬುದೇ ಇದರ ಸಾರಾಂಶವು. ಒಣಗಿದ ಸಸಿಗೆ ಮೊದಲನೆಯ ಕೊಡ ನೀರು ಮಾಡುವ ಉಪಕಾರವನ್ನು ಹತ್ತನೆಯ ಕೊಡವು ಮಾಡಲಾರದು.

ಇಲ್ಲಿ ಒಂದು ಶಂಕೆ. ಮಕ್ಕಳೂ ವೃದ್ಧರೂ ವ್ಯಾಯಾಮವನ್ನು ಬಿಡಬೇಕೆಂದು ವಾಗ್ಭಟನು ಹೇಳಿರುವನಲ್ಲ. ಈಗಿನವರು 65 ದಾಟಿದವರಿಗೆ ಸಾಮಾನ್ಯ ನಡಿಗೆಯಲ್ಲದೆ, ಬೀಳದಂತೆ ಕಾಯುವ ಸಮತೋಲದ ಅಭ್ಯಾಸವನ್ನು ವಾರಕ್ಕೆ ಮೂರು ದಿನ ಮಾಡಿರೆನ್ನುವರು. ಯಾವದನ್ನು ನಂಬಬೇಕು? ಆಚಾರ್ಯರು ನಿಷೇಧಿಸಿದ್ದು ಗರಡಿಯ ತೀವ್ರ ಶ್ರಮವನ್ನೆಂದು ನನ್ನ ಅಭಿಪ್ರಾಯವು. ದೇಹವನ್ನು ಅತಿಯಾಗಿ ಪೀಡಿಸದ ನಡಿಗೆಯನ್ನು ಸುಶ್ರುತನು ಬೇರೆಯಾಗಿಯೇ ಎತ್ತಿ, ಆಯುಷ್ಯ ಬಲ ಬುದ್ಧಿಗಳಿಗೆ ಹಿತವೆಂದು ಹೊಗಳಿರುವನು. ಅಷ್ಟಕ್ಕೂ, ಪ್ರತ್ಯಕ್ಷಕ್ಕೆ ವಿರೋಧ ಬಂದಲ್ಲಿ ಪ್ರತ್ಯಕ್ಷವನ್ನು ಒಪ್ಪುವದರಿಂದ ಶಾಸ್ತ್ರಕ್ಕೆ ಅವಮಾನವಾಗುವದಿಲ್ಲ. ಮುದುಕರು ಬಚ್ಚಲಲ್ಲಿ ಜಾರಿ ಬಿದ್ದು ತೊಡೆಯೆಲುಬು ಮುರಿದುಕೊಂಡು ಹಾಸಿಗೆ ಹಿಡಿಯುವದು ನಾವು ಮನೆಮನೆಯಲ್ಲಿಯೂ ಕಾಣುವ ಸಂಗತಿಯು. ಕುರ್ಚಿಯ ಬೆನ್ನು ಹಿಡಿದು ಒಂಟಿಕಾಲಿನ ಮೇಲೆ ಕ್ಷಣಕಾಲ ನಿಲ್ಲುವ ಅಭ್ಯಾಸವು ಇದನ್ನು ತಪ್ಪಿಸಲು ಸಹಾಯವಾಗುವದಾದರೆ ಅದನ್ನು ಯಾಕೆ ಬಿಡಬೇಕು?

ಈಗ ಲೆಕ್ಕ ಮಾಡಿರಿ. ವಾರದಲ್ಲಿ 10,080 ನಿಮಿಷಗಳಿವೆ. ಅದರಲ್ಲಿ 150 ನಿಮಿಷಗಳೆಂದರೆ ಅರವತ್ತೇಳರಲ್ಲಿ ಒಂದು ಪಾಲು. ದೇಹವು ನಮ್ಮಿಂದ ಕೇಳುವ ಕನಿಷ್ಠ ಸಲುವಳಿಯು ಇಷ್ಟೇ. ಬಡ್ಡಿ ಇಷ್ಟು ಸಣ್ಣದಾಗಿರುವಾಗ ಅದನ್ನು ಕೊಡದಿರುವದಕ್ಕೆ ಅಶಕ್ತಿಯ ನೆವವು ಸಲ್ಲದು. ಅದು ಅಲಕ್ಷ್ಯವೇ ಸರಿ. ರೋಗವೆಲ್ಲ ಅಲಕ್ಷ್ಯದ ಫಲವೆಂದು ಇದರರ್ಥವಲ್ಲ. ನಿತ್ಯ ನಡೆದವರಿಗೂ ರೋಗ ಬರುವದುಂಟು, ರೋಗಿಯನ್ನು ದೂಷಿಸುವದು ಪಾಪವು. ಆದರೆ ಒಬ್ಬನ ಅಲಕ್ಷ್ಯದ ಭಾರವು ಅವನೊಬ್ಬನ ಮೇಲೆಯೇ ಬೀಳುವದಿಲ್ಲವಾದುದರಿಂದ ಇದು ನೀತಿಯ ಮಾತಾಗುವದು. ಹಾಸಿಗೆ ಹಿಡಿದವನನ್ನು ಎತ್ತಿ ಕೂಡಿಸುವವರು ಹೆಂಡತಿ, ಸೊಸೆ, ಮಗಳು. ತಪ್ಪಿಸಬಹುದಾದ ಭಾರವನ್ನು ಅವರ ಹೆಗಲಿಗೆ ಹೊರಿಸುವ ಅಧಿಕಾರವು ಯಾರಿಗೂ ಇಲ್ಲ. ಈ ಕನಿಷ್ಠವನ್ನು ಸಲ್ಲಿಸಿದ ಮೇಲೆ ಮಾಡುವದೆಲ್ಲ ಉತ್ಸಾಹ, ಸೌಂದರ್ಯ, ಸ್ಪರ್ಧೆ. ಅವು ತಪ್ಪಲ್ಲ, ಆದರೆ ಅವನ್ನು ಧರ್ಮವೆಂದು ಬೀಗುವದೂ, ಮಾಡದವರನ್ನು ಹೀನಾಯವಾಗಿ ಕಾಣುವದೂ ಸಲ್ಲದು.

ಶ್ರಮಜೀವಿಗಳ ಪಾಡೇನು? ಮೊದಲು ಹೇಳಿದ ಭೇದವು ಇಲ್ಲಿ ಉಪಯೋಗಕ್ಕೆ ಬರುವದು. ಹೊಲದಲ್ಲಿ ಸಂಜೆಯ ವರೆಗೆ ಬಗ್ಗಿ ಕಳೆ ತೆಗೆದ ಹೆಣ್ಣುಮಗಳಿಗೆ ಆಯಾಸವು ಬೇಕಾದಷ್ಟಾಗಿರುವದು. ಆದರೆ ಅವಳ ಬೆನ್ನು ಚಾಚಿಕೊಂಡಿಲ್ಲ. ನವಲಗುಂದದಲ್ಲಿ ಜಮಖಾನೆ ನೇಯುವ ಹೆಂಗಸರು ಮಗ್ಗದ ಮುಂದೆ ತಾಸುಗಟ್ಟಲೆ ಕೂಡುವರು. ಕೈಬೆರಳುಗಳು ದಣಿಯುವವು, ಕಾಲುಗಳು ಜಡವಾಗುವವು. ಬಿಡುವಿನಲ್ಲಿ ಮಾಡಿದ ವ್ಯಾಯಾಮದಿಂದ ಹೃದಯಕ್ಕೆ ಆಗುವ ಹಿತವು ಕೂಲಿಯ ಭಾರೀ ಶ್ರಮದಿಂದ ಆಗುವದಿಲ್ಲವೆಂದು ಡೆನ್ಮಾರ್ಕಿನ ಕೆಲವು ಸಂಶೋಧಕರು ಹೇಳಿರುವರು, ಇದರಲ್ಲಿ ಮತಭೇದವುಂಟು. ಆದರೆ ವಿಶ್ರಾಂತಿಯಿಲ್ಲದೆ, ಇಚ್ಛೆಯಿಲ್ಲದೆ, ಒಂದೇ ಅಂಗವನ್ನು ದಂಡಿಸುವ ದುಡಿತವನ್ನು ವ್ಯಾಯಾಮವೆಂದು ಕರೆಯುವದು ಶಬ್ದಕ್ಕೂ ನ್ಯಾಯಕ್ಕೂ ವಿರುದ್ಧವು. ಅಂಥವರಿಗೆ ಬೆಳಗಿನ ನಡಿಗೆಯ ಉಪದೇಶ ಮಾಡುವದು ಕ್ರೂರವಾದ ವಿನೋದವಾದೀತು. ಅವರಿಗೆ ಸಲ್ಲಬೇಕಾದದ್ದು ವಿಶ್ರಾಂತಿ, ಹೊಟ್ಟೆತುಂಬ ಊಟ, ನಡುವೆ ಬೆನ್ನು ನೆಟ್ಟಗೆ ಮಾಡಿಕೊಳ್ಳುವಷ್ಟು ಬಿಡುವು. ಕೂಲಿಗೆ ಕರೆಯುವ ನಾವು ಅದನ್ನು ಕೊಡುತ್ತಿರುವೆವೇ?

ಕೊನೆಯದಾಗಿ ನಮ್ಮ ಸುಶಿಕ್ಷಿತ ಮನೆಗಳೊಳಗಿನ ಮಾತು. 2022ರ ಅಂಕಿಗಳ ಪ್ರಕಾರ ಭಾರತದ ವಯಸ್ಕರಲ್ಲಿ ಸುಮಾರು ಅರ್ಧದಷ್ಟು ಜನರು ಬೇಕಾದಷ್ಟು ಚಲನೆಯಿಲ್ಲದವರು. ಗಂಡಸರಲ್ಲಿ ನೂರಕ್ಕೆ 42ರ ಸುಮಾರು, ಹೆಂಗಸರಲ್ಲಿ 57ರ ಸುಮಾರು. ಈ ಅಂತರವು ಯಾಕೆ? ಹೆಂಗಸರು ಸೋಮಾರಿಗಳೆಂದು ಯಾವ ಮನೆಯನ್ನು ಬಲ್ಲವನೂ ಹೇಳಲಾರನು. ಯಜಮಾನರು ಬೆಳಿಗ್ಗೆ ಬೂಟು ಮೆಟ್ಟಿ ವಾಯುಸೇವನೆಗೆ ಹೊರಡುವರು. ತಿರುಗಿ ಬರುವಷ್ಟರಲ್ಲಿ ಚಹ ಸಿದ್ಧವಾಗಿರಬೇಕು, ಮಕ್ಕಳ ಡಬ್ಬಿ ಕಟ್ಟಿರಬೇಕು, ರೊಟ್ಟಿ ಬಡಿದಾಗಿರಬೇಕು. ಅವರ ಅರ್ಧ ತಾಸಿನ ಆರೋಗ್ಯವು ಅಡಿಗೆಮನೆಯವಳ ಅರ್ಧ ತಾಸಿನಿಂದ ಕಡ ತಂದದ್ದು. ಆಕೆ ಒಲೆಯ ಮುಂದೆ ನಿಂತೇ ಇರುವಳು. ಆದರೆ ನಿಂತಿರುವದು ನಡೆಯುವದಲ್ಲ. ಒಬ್ಬಳೇ ನಡೆಯಹೊರಟರೆ ಓಣಿಯವರ ಕಣ್ಣುಗಳು ಬೇರೆ. ಮಕ್ಕಳ ಗತಿಯೂ ಇಂಥದೇ. ಪರೀಕ್ಷೆ ಸಮೀಪಿಸಿತೆಂದರೆ ಆಟದ ತಾಸನ್ನು ಗಣಿತಕ್ಕೆ ಕೊಡುವದನ್ನು ನನ್ನ ಶಿಕ್ಷಕವೃತ್ತಿಯುದ್ದಕ್ಕೂ ಕಂಡಿರುವೆನು. ಆಗ ತಾಯಿತಂದೆಗಳು ಸಂತೋಷಪಡುತ್ತಿದ್ದರೇ ಹೊರತು ಯಾರೂ ತಕರಾರು ಮಾಡುತ್ತಿರಲಿಲ್ಲ.

ಆದುದರಿಂದ ನನ್ನ ಸಿದ್ಧಾಂತವು ಇದು. ವ್ಯಾಯಾಮವು ಬೇಕಾದದ್ದು ಸ್ವಲ್ಪವೇ. ಆದರೆ ಆ ಸ್ವಲ್ಪವು ನಿತ್ಯವೂ ಬೇಕು, ಅವರವರ ಅರ್ಧಶಕ್ತಿಯಷ್ಟು ಬೇಕು, ಮತ್ತು ಮನೆಯಲ್ಲಿರುವ ಪ್ರತಿಯೊಬ್ಬರಿಗೂ ಬೇಕು. ತಾನು ಎಷ್ಟು ನಡೆದೆನೆಂದು ಎಣಿಸಿಕೊಳ್ಳುವ ಗೃಹಸ್ಥನು, ತನ್ನ ಮನೆಯಲ್ಲಿ ಇನ್ನೂ ಯಾರ ಪಾಲು ಸಂದಿಲ್ಲವೆಂಬದನ್ನೂ ಎಣಿಸಲಿ. ಬೆಳಗಿನ ಒಲೆಯ ಕೆಲಸವನ್ನು ದಿನ ಬಿಟ್ಟು ದಿನ ತಾನು ವಹಿಸಿಕೊಂಡರೆ, ಅಥವಾ ಸಂಜೆ ಹೆಂಡತಿಯನ್ನೂ ಸೊಸೆಯನ್ನೂ ಕರೆದುಕೊಂಡು ಊರ ಹೊರಗಿನ ವರೆಗೆ ಹೋಗಿ ಬಂದರೆ ಓಣಿಯವರು ನಾಲ್ಕು ದಿನ ನೋಡುವರು, ಐದನೆಯ ದಿನ ಸುಮ್ಮನಾಗುವರು. ಆರನೆಯ ದಿನ ಅವರಲ್ಲಿ ಒಬ್ಬಿಬ್ಬರಾದರೂ ತಾವೂ ಹೊರಟರೆ ಆಶ್ಚರ್ಯವಿಲ್ಲ.