ತಪ್ಪು ಮಾಡುವ ಅವಕಾಶ ಮಗುವಿಗೆ ಬೇಡವೇ?

ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಇನ್ನೊಂದೇ ದಿನ. ಮಗು ಮಲಗಿದೆ. ಅಪ್ಪ ರಾತ್ರಿ ಹನ್ನೊಂದಾದರೂ ಥರ್ಮೋಕೋಲ್ ಕತ್ತರಿಸುತ್ತಿದ್ದಾರೆ, ಅಮ್ಮ ಬಣ್ಣ ಬಳಿಯುತ್ತಿದ್ದಾರೆ. ಬೆಳಿಗ್ಗೆ ಅದರ ಮೇಲೆ ಮಗುವಿನ ಹೆಸರು ಅಂಟಿಸಿದರೆ ಮುಗಿಯಿತು. ಬಹುಮಾನವೂ ಬರಬಹುದು. “ಪ್ರೀತಿಯಿಂದ ಮಾಡಿದ್ದು ಫಾದರ್, ಇದರಲ್ಲಿ ತಪ್ಪೇನು?” ಎಂದು ನೀವು ಕೇಳಬಹುದು. ಪ್ರೀತಿ ನಿಜ. ಆದರೆ ಆ ಪ್ರೀತಿಯೇ ಮಗುವಿನಿಂದ ಏನನ್ನಾದರೂ ಕಸಿದುಕೊಂಡಿತೇ?

ಒಂದು ಬೇಸಿಗೆ ರಜೆಯಲ್ಲಿ ನಮ್ಮ ಧರ್ಮಕೇಂದ್ರದ ಮಕ್ಕಳಿಗೆ ಲೂಯಿ ಬ್ರೈಲ್ ಕಥೆಯನ್ನು ಓದಿಸಿದೆ. ಆತ ಹುಟ್ಟಿದ್ದು 1809ರಲ್ಲಿ, ಫ್ರಾನ್ಸಿನ ಕೂಪ್‌ವ್ರೇ ಎಂಬ ಊರಿನಲ್ಲಿ. ತಂದೆ ಕುದುರೆಯ ಜೀನು ಹೊಲಿಯುವವರು. ಮೂರು ವರ್ಷದವನಿದ್ದಾಗ ತಂದೆಯ ಚೂಪಾದ ಉಪಕರಣವೊಂದು ಕಣ್ಣಿಗೆ ತಗುಲಿತು. ಸೋಂಕು ಹಬ್ಬಿ ಎರಡೂ ಕಣ್ಣು ಹೋದವು. ಪ್ಯಾರಿಸ್ಸಿನ ಅಂಧರ ಶಾಲೆಯಲ್ಲಿ ಅವನಿಗೆ ಸೇನಾಧಿಕಾರಿ ಬಾರ್ಬಿಯೇ ರೂಪಿಸಿದ್ದ ಚುಕ್ಕಿಗಳ ಬರಹ ಸಿಕ್ಕಿತು. ಅದರಲ್ಲಿ ಹನ್ನೆರಡು ಚುಕ್ಕಿಗಳಿದ್ದವು. ಒಂದೇ ಸ್ಪರ್ಶಕ್ಕೆ ಬೆರಳಿಗೆ ನಿಲುಕುತ್ತಿರಲಿಲ್ಲ. ಹುಡುಗ ಅದನ್ನು ಆರಕ್ಕೆ ಇಳಿಸಿದ. 1824ರಲ್ಲಿ ಅದು ಒಂದು ರೂಪಕ್ಕೆ ಬಂದಾಗ ಅವನ ವಯಸ್ಸು ಕೇವಲ ಹದಿನೈದು.

ಓದಿದ ಮೇಲೆ ಕೈಗೆಲಸ. ಹಳೆಯ ಮದುವೆ ಆಮಂತ್ರಣದ ದಪ್ಪ ಕಾಗದ, ಅಡಿಗೆ ಮಡಚಿದ ಟವೆಲ್, ಒತ್ತಲು ಇಂಕು ಮುಗಿದ ಬಾಲ್‌ಪೆನ್. ಬರೆಯಬೇಕಾದ ಪದ ‘ಕಮಲ’. ಕನ್ನಡ ಬ್ರೈಲ್‌ನಲ್ಲಿ ‘ಕ’ ಎಂದರೆ ಎಡಸಾಲಿನ ಮೇಲಿನ ಮತ್ತು ಕೆಳಗಿನ ಚುಕ್ಕಿ.

ಇಲ್ಲಿ ತಪ್ಪಿದವನು ನಾನೇ. ಮೊದಲ ದಿನದ ಗುಂಪಿಗೆ “ಬಲದಿಂದ ಎಡಕ್ಕೆ, ಕನ್ನಡಿಯಲ್ಲಿ ಕಂಡಂತೆ ಒತ್ತಿ” ಎಂದು ಮೊದಲೇ ಹೇಳಿಬಿಟ್ಟೆ. ಎಲ್ಲರೂ ಸರಿಯಾಗಿ ಮಾಡಿ ಹತ್ತೇ ನಿಮಿಷದಲ್ಲಿ ಎದ್ದರು. ಏಕೆ ಎಂದು ಒಬ್ಬರೂ ಕೇಳಲಿಲ್ಲ. ಮರುದಿನದ ಗುಂಪಿಗೆ ಏನೂ ಹೇಳಲಿಲ್ಲ. ಒಬ್ಬ ಹುಡುಗಿ ಎಡದಿಂದ ಒತ್ತಿ, ಕಾಗದ ತಿರುಗಿಸಿ, ಉಬ್ಬಿದ ಚುಕ್ಕಿಗಳ ಮೇಲೆ ಬೆರಳಾಡಿಸಿದಳು. ಎಲ್ಲವೂ ತಿರುಗಾಮುರುಗಾ! ಅವಳ ಕಣ್ಣಲ್ಲಿ ನೀರು. ಹೇಳಿಬಿಡಲು ನನ್ನ ನಾಲಿಗೆ ತುದಿಗೆ ಬಂದಿತ್ತು, ಸುಮ್ಮನಿದ್ದೆ. ಆಕೆ ಕಾಗದವನ್ನು ಕಿಟಕಿಯ ಬೆಳಕಿಗೆ ಹಿಡಿದು, ಹಿಂದೆ ಮುಂದೆ ನೋಡಿ, ಮತ್ತೆ ಕುಳಿತು ಬಲದಿಂದ ಒತ್ತತೊಡಗಿದಳು. ಆಮೇಲೆ ಉಳಿದವರಿಗೆ ವಿವರಿಸಿದವಳೂ ಅವಳೇ.

ವೈದ್ಯನು ದೇಹದ ಸ್ವಭಾವಕ್ಕೆ ನೆರವಾಗುತ್ತಾನೆ, ಗುಣವಾಗುವುದು ದೇಹವೇ. ಗುರುವಿನ ಕೆಲಸವೂ ಹೀಗೆಯೇ ಎನ್ನುತ್ತಾರೆ ಸಂತ ಥಾಮಸ್ ಅಕ್ವಿನಾಸ್. ಮಗುವಿನ ಪರವಾಗಿ ನಾವು ಔಷಧಿ ಕುಡಿದರೆ ಮಗುವಿನ ಜ್ವರ ಇಳಿಯುವುದಿಲ್ಲ. ಮಗುವಿನ ಪರವಾಗಿ ನಾವು ಕಂಡುಹಿಡಿದರೆ ಮಗು ಕಲಿಯುವುದಿಲ್ಲ.

ಹಾಗಾದರೆ ಮಗುವನ್ನು ಅದರ ಪಾಡಿಗೆ ಬಿಟ್ಟುಬಿಡಬೇಕೇ? ಖಂಡಿತ ಇಲ್ಲ. ಲೂಯಿಯ ಕಣ್ಣು ಹೋದದ್ದನ್ನು ಮರೆಯಬೇಡಿ. ಗಾಯ ಮಾಡುವ ತಪ್ಪು ಬೇರೆ, ಕಲಿಸುವ ತಪ್ಪು ಬೇರೆ. ಮೊದಲನೆಯದನ್ನು ತಡೆಯುವುದು ನಮ್ಮ ಕರ್ತವ್ಯ. ಎರಡನೆಯದನ್ನು ತಡೆಯದೆ ಪಕ್ಕದಲ್ಲಿ ಕುಳಿತಿರುವುದೂ ಕರ್ತವ್ಯವೇ, ಮತ್ತು ಅದು ಹೆಚ್ಚು ಕಷ್ಟದ್ದು.

ಇನ್ನೊಂದು ಮಾತು. ಸುಳ್ಳು ಹೇಳಬಾರದೆಂದು ಮಕ್ಕಳಿಗೆ ಕಲಿಸುವವರು ನಾವು. ತಾನು ಮಾಡದ ಮಾದರಿಗೆ ಚಪ್ಪಾಳೆ ಗಿಟ್ಟಿಸಿಕೊಂಡ ಮಗು ನಮ್ಮಿಂದ ಯಾವ ಪಾಠ ಕಲಿಯಿತು?

ಮುಂದಿನ ಬಾರಿ ನಿಮ್ಮ ಮಗು ಒಯ್ಯುವ ಮಾದರಿ ಸೊಟ್ಟಗಿರಲಿ, ಅಂಟು ಮೆತ್ತಿಕೊಂಡಿರಲಿ, ಬಹುಮಾನ ಬಾರದಿರಲಿ. ಮನೆಗೆ ಬಂದಾಗ “ಎಲ್ಲಿ ತಪ್ಪಿತು, ಹೇಗೆ ಸರಿಮಾಡಿದೆ?” ಎಂದು ಕೇಳಿ. ಆ ಉತ್ತರವನ್ನು ಪೂರ್ತಿ ಕೇಳಿಸಿಕೊಳ್ಳಿ.