ಹೊಸ ಕಾರಿನಲ್ಲಿ ಸವೆಯುವುದೇನು?

ನನ್ನ ಅಕ್ಕನ ಮಗ ದುಬೈಯಲ್ಲಿ ಹದಿನಾಲ್ಕು ವರ್ಷ ದುಡಿದು ಮಂಗಳೂರಿಗೆ ಮರಳಿದವನು. 2022ರ ಡಿಸೆಂಬರಿನಲ್ಲಿ ಜರ್ಮನ್ ಕಂಪೆನಿಯೊಂದರ ಕಾರು ಕೊಳ್ಳಲು ಹೊರಟಾಗ ನನ್ನನ್ನೂ ಜೊತೆಗೆ ಕರೆದ. ಕಾರಿನ ಬಗ್ಗೆ ನನಗಿರುವ ತಿಳುವಳಿಕೆ ಅಷ್ಟಕ್ಕಷ್ಟೆ. "ಮಾಮ, ನೀವು ಏನೂ ಮಾತಾಡುವುದು ಬೇಡ, ಸುಮ್ಮನೆ ಪಕ್ಕದಲ್ಲಿ ಕೂತರೆ ಸಾಕು. ಬಿಳಿ ಗಡ್ಡ ನೋಡಿದರೆ ಅವರು ಸ್ವಲ್ಪ ಇಳಿಯುತ್ತಾರೆ" ಎಂದ.

ಅಷ್ಟು ದುಬಾರಿ ಕಾರು ಬೇಕಿತ್ತೇ ಎಂಬ ಪ್ರಶ್ನೆಯನ್ನು ನಾನು ಕೇಳಲಿಲ್ಲ. ಮೊದಲ ಆರು ವರ್ಷ ಒಂದೇ ಕೋಣೆಯಲ್ಲಿ ಎಂಟು ಮಂದಿಯ ಜೊತೆ ಮಲಗಿದವನು, ತಂಗಿಯರ ಮದುವೆ ಮುಗಿಸಿದವನು, ಮನೆಯ ಸಾಲ ತೀರಿಸಿದವನು ಒಮ್ಮೆ ತನಗಾಗಿ ಏನನ್ನೋ ಬಯಸಿದರೆ ಅದನ್ನು ದುಂದು ಎನ್ನಲು ನನ್ನ ನಾಲಿಗೆ ಏಳಲಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ಆ ದಿನದ ಚೌಕಾಸಿ.

ಕಾರಿನ ಶೋರೂಮ್ ದರ 60 ಲಕ್ಷ ರೂಪಾಯಿ. ಮಾತು ಶುರುವಾದದ್ದು ಬೆಳಗ್ಗೆ ಹನ್ನೊಂದಕ್ಕೆ. ಮೊದಲು ಒಂದು ಲಕ್ಷ ಬಿಟ್ಟರು. ಆಮೇಲೆ ವಿಮೆ ಹೊರಗಿನಿಂದ ಮಾಡಿಸಬಹುದೇ ಎಂಬ ತಕರಾರು, ಆಮೇಲೆ ನೆಲಹಾಸು ಮತ್ತು ಹೆಚ್ಚುವರಿ ವಾರಂಟಿಯ ಲೆಕ್ಕ. ನಡುವೆ ಎರಡು ಸಲ ಚಹಾ ಬಂತು. "ಇದಕ್ಕಿಂತ ಇಳಿದರೆ ನಮಗೇ ನಷ್ಟ ಸರ್" ಎಂದು ಮಾರಾಟದ ಹುಡುಗ ಹೇಳಿದ. "ಬೆಂಗಳೂರಿನಲ್ಲಿ ನಾಲ್ಕು ಲಕ್ಷ ಬಿಡುತ್ತಾರಂತೆ, ನಿನ್ನೆಯೇ ಫೋನ್ ಮಾಡಿದ್ದೇನೆ" ಎಂದು ನನ್ನ ಅಳಿಯ ಹೇಳಿದ. ಆತ ಬೆಂಗಳೂರಿಗೆ ಫೋನ್ ಮಾಡಿರಲಿಲ್ಲ ಎಂಬುದು ನನಗೆ ಗೊತ್ತಿತ್ತು. ಮೂರು ಗಂಟೆಯ ಹೊತ್ತಿಗೆ ಒಟ್ಟು ಎರಡು ಮುಕ್ಕಾಲು ಲಕ್ಷ ಇಳಿಯಿತು, ಕೈ ಕುಲುಕಿದರು. ಡಿಸೆಂಬರ್ ಆದುದರಿಂದ ಇಷ್ಟು ಸಾಧ್ಯವಾಯಿತು ಎಂದು ಅಳಿಯ ಬೀಗಿದ. ಆದರೆ ಡಿಸೆಂಬರಿನ ರಿಯಾಯಿತಿ ಎಂದರೆ ಜನವರಿ ಒಂದರಂದು ಕಾರು "ಕಳೆದ ವರ್ಷದ ಮಾಡೆಲ್" ಆಗಿಬಿಡುವುದಕ್ಕೆ ಕೊಡುವ ಮುಂಗಡ ಪರಿಹಾರ ಎಂಬುದು ಅಲ್ಲಿ ಕೂತಿದ್ದ ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಕಾರು ಮನೆಗೆ ಬಂದ ದಿನ ಕಾಗದಪತ್ರಗಳನ್ನು ತೆಗೆದಿಡುವಾಗ ವಿಮಾ ಪತ್ರದ ಮೇಲೆ ನನ್ನ ಕಣ್ಣು ಬಿತ್ತು. ಕಾರಿನ ಘೋಷಿತ ಮೌಲ್ಯ 57 ಲಕ್ಷ ಎಂದಿತ್ತು. ನಮ್ಮ ದೇಶದ ವಾಹನ ವಿಮೆಯಲ್ಲಿ ಸವಕಳಿಗೆ ಒಂದು ಕೋಷ್ಟಕವಿದೆ: ಆರು ತಿಂಗಳೊಳಗಿನ ವಾಹನಕ್ಕೆ ಶೇ. 5, ಒಂದು ವರ್ಷದೊಳಗಿನದಕ್ಕೆ ಶೇ. 15, ಎರಡು ವರ್ಷದೊಳಗೆ ಶೇ. 20, ಮೂರರೊಳಗೆ ಶೇ. 30, ನಾಲ್ಕರೊಳಗೆ ಶೇ. 40, ಐದರೊಳಗೆ ಶೇ. 50. ಅಂದರೆ ಕೀಲಿಕೈ ಜೊತೆಗೇ ಕೊಟ್ಟ ಕಾಗದದಲ್ಲಿ ಮೂರು ಲಕ್ಷ ಹೋಗಿಬಿಟ್ಟಿತ್ತು. ನಾಲ್ಕು ಗಂಟೆ ವಾದಿಸಿ ಗಳಿಸಿದ್ದು ಎರಡು ಮುಕ್ಕಾಲು. ಇದಲ್ಲದೆ 20 ಲಕ್ಷಕ್ಕಿಂತ ಹೆಚ್ಚಿನ ಕಾರುಗಳಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ. 18, ಸೆಸ್ ಸೇರಿದರೆ ಈ ಕಾರಿಗೆ ಹನ್ನೆರಡು ಲಕ್ಷದ ಹತ್ತಿರ. ಅದರ ಬಗ್ಗೆ ಚೌಕಾಸಿಗೆ ಎಡೆಯೇ ಇಲ್ಲ. ಮರುಮಾರಾಟದಲ್ಲಿ ಅದನ್ನು ಪ್ರತ್ಯೇಕವಾಗಿ ಯಾರೂ ತುಂಬಿಕೊಡುವುದಿಲ್ಲ.

ಸವಕಳಿ ಎಂಬ ಪದ 'ಸವೆ' ಎಂಬ ಕ್ರಿಯೆಯಿಂದ ಬಂದದ್ದು. ಚಪ್ಪಲಿ ಸವೆಯುತ್ತದೆ, ಮೆಟ್ಟಿಲು ಸವೆಯುತ್ತದೆ. ಆದರೆ ಶೋರೂಮಿನಿಂದ ಮನೆಗೆ ಎಂಟು ಕಿಲೋಮೀಟರ್ ಓಡಿದ ಕಾರಿನಲ್ಲಿ ಏನು ಸವೆದಿರುತ್ತದೆ? ಎಂಜಿನ್ ಅದೇ, ಬಣ್ಣ ಅದೇ, ಸೀಟಿನ ಪ್ಲಾಸ್ಟಿಕ್ ಹೊದಿಕೆಯನ್ನೂ ತೆಗೆದಿಲ್ಲ. ಆದರೂ ಮರುದಿನ ಅದನ್ನು ಮಾರಲು ಹೋದರೆ ಮೊದಲ ದಿನದ ಬೆಲೆ ಯಾರೂ ಕೊಡುವುದಿಲ್ಲ. 'ಹೊಸತು' ಎಂಬ ಹೆಸರು ಹೋಯಿತು, ಅದರ ಬೆಲೆಯೂ ಹೋಯಿತು ಎಂದು ಸುಲಭವಾಗಿ ಹೇಳಿಬಿಡಬಹುದು. ಆದರೆ ಅಷ್ಟೇ ಅಲ್ಲ.

1970ರಲ್ಲಿ ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕೆರ್ಲಾಫ್ ಹಳೆಯ ಕಾರುಗಳ ಸಂತೆಯನ್ನು ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಬಂಧ ಪ್ರಕಟಿಸಿದರು. ಅದಕ್ಕೆ ಮುಂಚೆ ಮೂರು ಪತ್ರಿಕೆಗಳು ಅದನ್ನು ತಿರಸ್ಕರಿಸಿದ್ದವು. 2001ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಹಂಚಿಕೆಯಾದಾಗ ಮುಖ್ಯವಾಗಿ ನೆನೆದದ್ದು ಅದೇ ಪ್ರಬಂಧವನ್ನು. ಅವರ ವಾದ ಸರಳ. ಕಾರಿನ ಒಳಗುಟ್ಟು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಗೊತ್ತಿಲ್ಲದವನು ಕೆಟ್ಟದ್ದೇ ಇರಬಹುದೆಂದು ಹೆದರಿ ಕಡಿಮೆ ಕೊಡುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಒಡೆಯ ಮಾರಲು ಒಪ್ಪುವುದಿಲ್ಲ, ಸಂತೆಯಿಂದ ಹಿಂದೆ ಸರಿಯುತ್ತಾನೆ. ಉಳಿಯುವುದು ಕೆಟ್ಟವೇ. ಆಗ ಬೆಲೆ ಇನ್ನೂ ಇಳಿಯುತ್ತದೆ. ಮೂರು ತಿಂಗಳ ಹಿಂದೆ ಕೊಂಡ ಕಾರನ್ನು ಒಬ್ಬ ಮಾರುತ್ತಾನೆಂದರೆ ನಮ್ಮ ಬಾಯಿಂದ ಬರುವ ಮೊದಲ ಮಾತು ಯಾವುದು? "ಏನೋ ಐಬು ಇರಬೇಕು."

ಅಂದಮೇಲೆ ಹೊಸ ಕಾರಿನ ಮೌಲ್ಯದಲ್ಲಿ ಮೊದಲು ಕರಗುವ ಭಾಗದಲ್ಲಿ ಒಂದು ಪಾಲು ನಮ್ಮ ಪರಸ್ಪರ ಅಪನಂಬಿಕೆಯ ಬೆಲೆ. ಅದನ್ನು ಕಂಪೆನಿಗೂ ಕೊಡುವುದಿಲ್ಲ, ಸರಕಾರಕ್ಕೂ ಕೊಡುವುದಿಲ್ಲ. ಹಿಂದೆ ಯಾರೋ ಯಾರಿಗೋ ಹೇಳದೆ ಬಿಟ್ಟ ಸತ್ಯಗಳಿಗಾಗಿ ನಾವು ಕಟ್ಟುತ್ತಿರುವ ದಂಡ ಅದು. ಶೋರೂಮಿನಲ್ಲಿ ಚೌಕಾಸಿಗೆ ಕೂತಾಗ ನಾವು ಬಳಸುವ ಸಣ್ಣ ಸುಳ್ಳುಗಳೂ, ಸಂತೆಯಲ್ಲಿ ನಮ್ಮ ಕಾರಿನ ಬೆಲೆ ಇಳಿಸುವ ಅನುಮಾನವೂ ಬೇರೆ ಬೇರೆಯಲ್ಲ ಎಂದು ನನಗೆ ಅನಿಸತೊಡಗಿದ್ದು ಹೀಗೆ.

ಹಾಗೆಂದು ಚೌಕಾಸಿಯೇ ತಪ್ಪು ಎನ್ನಲಾಗದು. ಇಸ್ಲಾಮೀ ಕರ್ಮಶಾಸ್ತ್ರ ವ್ಯಾಪಾರದ ಬಗೆಗಳನ್ನು ವಿಂಗಡಿಸುವಾಗ ಇಲ್ಲಿ ಒಂದು ಸೂಕ್ಷ್ಮ ಗೆರೆ ಎಳೆದಿದೆ. 'ಮುಸಾವಮ' ಎಂದರೆ ಮಾರುವವನು ತನ್ನ ಅಸಲನ್ನು ಹೇಳಬೇಕಾಗಿಲ್ಲ. ಇಬ್ಬರೂ ಮಾತಾಡಿ ಒಪ್ಪಿದ ಬೆಲೆಯೇ ಬೆಲೆ. 'ಮುರಾಬಹ' ಎಂದರೆ "ನನಗೆ ಇಷ್ಟು ಬಿದ್ದಿದೆ, ಇದರ ಮೇಲೆ ಇಷ್ಟು ಲಾಭ" ಎಂದು ತೆರೆದಿಟ್ಟು ಮಾರುವುದು. ಅಲ್ಲಿ ಅಸಲಿನ ಬಗ್ಗೆ ಸುಳ್ಳು ಹೇಳಿದರೆ ಅದು ವಿಶ್ವಾಸದ್ರೋಹ. ಮೊದಲನೆಯದರಲ್ಲಿ ಮೌನಕ್ಕೆ ಎಡೆಯಿದೆ, ಎರಡನೆಯದರಲ್ಲಿ ಇಲ್ಲ. ಆ ದಿನ "ಇದಕ್ಕಿಂತ ಇಳಿದರೆ ನಮಗೇ ನಷ್ಟ" ಎಂದಾಗ ಹುಡುಗ ಚೌಕಾಸಿಯ ಅಂಗಳದಿಂದ ನಂಬಿಕೆಯ ಅಂಗಳಕ್ಕೆ ಕಾಲಿಟ್ಟಿದ್ದ. ಬೆಂಗಳೂರಿನ ಕತೆ ಕಟ್ಟಿದ ನನ್ನ ಅಳಿಯನೂ ಹಾಗೆಯೇ. ಹುಡುಗನಿಗಾದರೂ ಹೇಳಿಕೊಟ್ಟವರಿದ್ದರು, ತಿಂಗಳ ಗುರಿ, ಅದರ ಮೇಲೆ ನಿಂತ ಪ್ರೋತ್ಸಾಹಧನ. ಅಳಿಯನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ನಾನು ಪಕ್ಕದಲ್ಲಿ ಕೂತು ಗಡ್ಡ ನೀವಿಕೊಳ್ಳುತ್ತಿದ್ದೆ.

ಇನ್ನೊಂದು ತೊಂದರೆಯೂ ಇದೆ. ಚೌಕಾಸಿಯ ಬೆಲೆ ಮುಖ ನೋಡುತ್ತದೆ. 1991ರಲ್ಲಿ ಇಯಾನ್ ಏರ್ಸ್ ಎಂಬ ಕಾನೂನು ವಿದ್ವಾಂಸ ಶಿಕಾಗೊದ ಸುತ್ತಿನ ಕಾರು ಮಳಿಗೆಗಳಿಗೆ ಒಂದೇ ರೀತಿ ಮಾತಾಡುವ ತರಬೇತಿ ಕೊಟ್ಟ ಗಿರಾಕಿಗಳನ್ನು ಕಳಿಸಿ ನೋಡಿದರು. ಬಿಳಿಯ ಗಂಡಸರಿಗೆ ಕೊಟ್ಟ ಬೆಲೆ ಎಲ್ಲರಿಗಿಂತ ಕಡಿಮೆಯಿತ್ತು. ಹೆಂಗಸರಿಗೂ ಕರಿಯರಿಗೂ ಹೆಚ್ಚು ಹೇಳಿದರು. ಅಷ್ಟು ದೂರ ಹೋಗುವುದೇಕೆ? ಗಂಡನನ್ನು ಕಳಕೊಂಡ ನನ್ನ ತಂಗಿ ಮಗಳನ್ನು ಕಾಲೇಜಿಗೆ ಬಿಡಲೆಂದು ಒಂದು ಸಣ್ಣ ಕಾರು ಕೊಳ್ಳಲು ಒಬ್ಬಳೇ ಹೋಗಿ, ಕೇಳಿದ್ದನ್ನೆಲ್ಲ ಕೊಟ್ಟು ಬಂದಿದ್ದಳು. ನೆಲಹಾಸು ಸಹ ದುಡ್ಡಿಗೇ. 60 ಲಕ್ಷದ ಗಿರಾಕಿಗೆ ಬಿಟ್ಟ ಹಣವನ್ನು ಬಾಯಿ ಇಲ್ಲದ ಗಿರಾಕಿಗಳೇ ಎಲ್ಲೋ ತುಂಬಿಕೊಡುತ್ತಿರಬಹುದೇ ಎಂಬ ಅನುಮಾನ ನನ್ನದು. 2021ರ ಅಕ್ಟೋಬರಿನಲ್ಲಿ ಮರ್ಸಿಡಿಸ್-ಬೆಂಜ್ ಭಾರತದಲ್ಲಿ ಕಾರುಗಳನ್ನು ತಾನೇ ನೇರವಾಗಿ ಗಿರಾಕಿಗೆ ಮಾರುವ, ದೇಶವಿಡೀ ಒಂದೇ ದರ ಇಡುವ ಕ್ರಮ ತಂದಿತು. ಡೀಲರಿಗೆ ಕಮಿಷನ್ ಮಾತ್ರ. ಆ ಮಟ್ಟಿಗೆ ಅದು ನ್ಯಾಯವೇ. ಆದರೆ ಒಂದೇ ದರಕ್ಕೆ ಕೊಂಡ ಕಾರೂ ಗೇಟು ದಾಟಿದೊಡನೆ ಹಳತಾಗುತ್ತದೆ. ಮುಂದಿನ ಮಾರಾಟಗಾರ ನಾವೇ ಅಲ್ಲವೇ?

ಈ ಕುರಿತ ಜಗಳ ಬಹಳ ಹಳತು. ಕ್ರಿ.ಪೂ. 44ರಲ್ಲಿ ರೋಮಿನ ಸಿಸೆರೊ ತನ್ನ ಮಗನಿಗಾಗಿ ಕರ್ತವ್ಯಗಳ ಕುರಿತು ಬರೆದ ಗ್ರಂಥದಲ್ಲಿ ಒಬ್ಬ ಧಾನ್ಯದ ವ್ಯಾಪಾರಿಯ ಪ್ರಸಂಗ ಬರುತ್ತದೆ. ರೋಡ್ಸ್ ದ್ವೀಪದಲ್ಲಿ ಬರಗಾಲ. ಅಲೆಕ್ಸಾಂಡ್ರಿಯಾದಿಂದ ಒಬ್ಬ ಹಡಗು ತುಂಬ ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಲವು ಹಡಗುಗಳು ಬರುತ್ತಿರುವುದನ್ನು ಆತ ಕಣ್ಣಾರೆ ಕಂಡಿದ್ದಾನೆ. ಅದನ್ನು ಜನರಿಗೆ ಹೇಳಬೇಕೇ, ಸುಮ್ಮನಿದ್ದು ಹೆಚ್ಚಿನ ಬೆಲೆಗೆ ಮಾರಬೇಕೇ? ಡಯೋಜನಿಸ್ ಎಂಬ ತತ್ತ್ವಜ್ಞಾನಿಯ ಪ್ರಕಾರ ಸರಕಿನ ದೋಷವನ್ನು ಕಾನೂನು ಕೇಳಿದಷ್ಟು ಹೇಳಿದರೆ ಸಾಕು. ಹೇಳದಿರುವುದು ಬೇರೆ, ಮುಚ್ಚಿಡುವುದು ಬೇರೆ. ಆತನ ಶಿಷ್ಯ ಆಂಟಿಪೇಟರ್ ಒಪ್ಪುವುದಿಲ್ಲ. ಮಾರುವವನಿಗೆ ಗೊತ್ತಿರುವುದೆಲ್ಲ ಕೊಳ್ಳುವವನಿಗೂ ಗೊತ್ತಿರಬೇಕು ಎನ್ನುತ್ತಾನೆ. ಸಿಸೆರೊ ಕೊನೆಗೆ ವ್ಯಾಪಾರಿ ಮುಚ್ಚಿಡಬಾರದಿತ್ತು ಎಂದೇ ತೀರ್ಮಾನಿಸುತ್ತಾನೆ.

ಓದುವಾಗ ನಾನು ಆಂಟಿಪೇಟರನ ಕಡೆ. ಆದರೆ ನನ್ನ ಸರದಿ ಬಂದಾಗ ಡಯೋಜನಿಸನ ಕಡೆ ನಿಂತವನು. ಹಲವು ವರ್ಷಗಳ ಹಿಂದೆ ನನ್ನ ಬಳಿ ಒಂದು ಸಣ್ಣ ಕಾರಿತ್ತು. ಒಂದು ಮಳೆಗಾಲ ಪಾಣೆಮಂಗಳೂರಿನ ನೆಂಟರ ಮನೆಯ ಅಂಗಳದಲ್ಲಿ ಅದನ್ನು ನಿಲ್ಲಿಸಿದ್ದಾಗ ರಾತ್ರಿ ನೇತ್ರಾವತಿಯ ನೀರು ಏರಿ ಸೀಟಿನವರೆಗೆ ಬಂತು. ಒಣಗಿಸಿದೆವು, ಮೆಕ್ಯಾನಿಕ್ ಏನೇನೋ ಬದಲಿಸಿದ, ಕಾರು ಮೊದಲಿನ ಹಾಗೆ ಓಡಿತು. ಮರುವರ್ಷ ಅದನ್ನು ಕೊಳ್ಳಲು ಒಬ್ಬರು ಶಾಲಾ ಮೇಷ್ಟ್ರು ಬಂದರು. ಅವರು ಬಹಳ ಕೇಳುವ ಜಾತಿಯವರಲ್ಲ. "ಏನಾದರೂ ತೊಂದರೆ ಉಂಟಾ?" ಎಂದರು. "ನೀವೇ ಓಡಿಸಿ ನೋಡಿ" ಎಂದೆ. ಸುಳ್ಳು ಹೇಳಲಿಲ್ಲ. ಅವರು ಓಡಿಸಿ ನೋಡಿ ದುಡ್ಡು ಎಣಿಸಿ ಹೋದರು. ಎರಡು ಮಳೆಗಾಲ ಕಳೆದ ಮೇಲೆ ಅದೇ ಮೆಕ್ಯಾನಿಕ್ ಸಿಕ್ಕಿದಾಗ, "ನಿಮ್ಮ ಕಾರಿನ ವಯರಿಂಗ್ ಪೂರ್ತಿ ಹೋಯಿತು, ಮೇಷ್ಟ್ರಿಗೆ ಭಾರಿ ಖರ್ಚಾಯಿತು" ಎಂದು ನಗುತ್ತಾ ಹೇಳಿದ.

ಪ್ರವಾದಿವರ್ಯರು(ಸ) ಸಂತೆಯಲ್ಲಿ ಧಾನ್ಯದ ರಾಶಿಯೊಳಗೆ ಕೈ ಹಾಕಿ ಒಳಗಿನ ಒದ್ದೆಯನ್ನು ಮುಟ್ಟಿದ, ಮಳೆಗೆ ನೆನೆದದ್ದೆಂದು ವ್ಯಾಪಾರಿ ಹೇಳಿದಾಗ, ಹಾಗಾದರೆ ಅದನ್ನು ಜನರಿಗೆ ಕಾಣುವಂತೆ ಮೇಲಿಡಬಾರದಿತ್ತೇ ಎಂದು ವಿಚಾರಿಸಿದ ಪ್ರಸಂಗವನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ಬೇರೆಯವರಿಗೆ ಹೇಳಿಯೂ ಇದ್ದೇನೆ. ಆ ವ್ಯಾಪಾರಿಯೂ ಸುಳ್ಳು ಹೇಳಿರಲಿಲ್ಲ. ನನ್ನ ಕಾರೂ ಮಳೆಗೇ ನೆನೆದದ್ದು.

ಈಗ ಅಳಿಯನ ವಿಷಯಕ್ಕೆ ಬರುತ್ತೇನೆ. 2025ರಲ್ಲಿ ಆತನ ವ್ಯಾಪಾರ ಸ್ವಲ್ಪ ಕುಂಟಿತು. ಕಾರು ಮಾರಲು ನಿರ್ಧರಿಸಿದ. ಅದೇ ವರ್ಷ ಸೆಪ್ಟೆಂಬರ್ 22ರಿಂದ ದೊಡ್ಡ ಕಾರುಗಳ ಮೇಲಿನ ಜಿಎಸ್‌ಟಿ ಮತ್ತು ಸೆಸ್ ಸೇರಿ ಶೇ. 50ರವರೆಗೆ ಇದ್ದದ್ದು ಶೇ. 40ಕ್ಕೆ ಇಳಿಯಿತು. ಹೊಸತರ ದರ ಇಳಿದೊಡನೆ ಮನೆಯಲ್ಲಿ ನಿಂತಿದ್ದ ಹಳೆಯದರ ದರವೂ ನಿಂತಲ್ಲೇ ಇಳಿಯಿತು. ಎರಡು ದಾಟಿ ಮೂರು ವರ್ಷದೊಳಗಿನ ಕಾರು ಎಂದರೆ ವಿಮೆಯ ಕೋಷ್ಟಕದಲ್ಲಿ 60ಕ್ಕೆ 42. ಹಳೆಯ ಕಾರಿನ ದಲ್ಲಾಳಿ ಹೇಳಿದ್ದು 31. ವಾರಂಟಿ ಮುಗಿದ ಮೇಲೆ ಇಂಥ ಕಾರಿನ ಒಂದೊಂದು ಬಿಡಿಭಾಗದ ಬೆಲೆಗೆ ಜನ ಹೆದರುತ್ತಾರೆ, ಹೊಸ ಮಾಡೆಲ್ ಬಂದಿದೆ, ಒಳಗೆ ಏನಿದೆಯೋ ಯಾರಿಗೆ ಗೊತ್ತು ಎಂದು ಕಾರಣಗಳನ್ನು ಒಂದೊಂದಾಗಿ ಎಣಿಸಿದನಂತೆ. ಕೊನೆಯ ಕಾರಣವನ್ನು ಅಳಿಯ ನನಗೆ ಸಿಟ್ಟಿನಿಂದ ಹೇಳಿದ: "ನಾನು ಮೋಸಗಾರ ಎಂದೇ ಲೆಕ್ಕ ಹಾಕಿ ಬೆಲೆ ಕಟ್ಟುತ್ತಾರಲ್ಲ ಮಾಮ!"

ಆಮೇಲೆ ದಲ್ಲಾಳಿಯನ್ನು ಬಿಟ್ಟು ನೇರವಾಗಿ ಒಬ್ಬರು ಬಂದರು. ಉಡುಪಿಯ ಕಡೆಯವರು, ಮಗನಿಗಾಗಿ ನೋಡುತ್ತಿದ್ದರು. 36ರವರೆಗೆ ಮಾತು ಬಂತು. ಅಂದು ರಾತ್ರಿ ಅಳಿಯ ಫೋನ್ ಮಾಡಿದ. ಹಿಂದಿನ ವರ್ಷ ಕಾರು ಕಾಂಕ್ರೀಟ್ ಕಂಬಕ್ಕೆ ಉಜ್ಜಿ ಎಡಬದಿಯ ಎರಡೂ ಬಾಗಿಲು ನಜ್ಜಾಗಿತ್ತು. ವಿಮೆಗೆ ಹೋಗದೆ ಹೊರಗಿನ ಗ್ಯಾರೇಜಿನಲ್ಲಿ ಕೈಯಿಂದ ದುಡ್ಡು ಕೊಟ್ಟು ಸರಿಪಡಿಸಿ ಬಣ್ಣ ಹೊಡೆಸಿದ್ದರಿಂದ ಎಲ್ಲೂ ದಾಖಲೆಯಿಲ್ಲ. ಕಣ್ಣಿಗೆ ಕಾಣುವುದಿಲ್ಲ, ಓಡುವುದಕ್ಕೆ ಏನೂ ಬಾಧಕವಿಲ್ಲ. ಹೇಳಿದರೆ ಎರಡು ಲಕ್ಷವಾದರೂ ಇಳಿಸುತ್ತಾರೆ.

"ಅವರು ಕೇಳಲಿಲ್ಲ ಮಾಮ. ನಾನಾಗಿಯೇ ಹೇಳಬೇಕಾ?"

ನನ್ನ ಬಳಿ ಉತ್ತರವಿತ್ತು, ಸಿಸೆರೊ ಇದ್ದ, ಧಾನ್ಯದ ರಾಶಿಯೂ ಇತ್ತು. ಆದರೆ ಅವುಗಳನ್ನು ಹೇಳಲು ಬಾಯಿ ಬರಲಿಲ್ಲ. ಬದಲಿಗೆ ಪಾಣೆಮಂಗಳೂರಿನ ನೀರಿನ ಕತೆ ಹೇಳಿದೆ. ಅಲ್ಲಿಯವರೆಗೆ ಅದನ್ನು ಯಾರಿಗೂ ಹೇಳಿರಲಿಲ್ಲ, ಮನೆಯವಳಿಗೂ. ಆತ ಸ್ವಲ್ಪ ಹೊತ್ತು ಸುಮ್ಮನಿದ್ದ. ತನ್ನ ಕಾರಿನ ಮಾತನ್ನು ಮತ್ತೆ ಎತ್ತಲಿಲ್ಲ.

"ಆ ಮೇಷ್ಟ್ರ ನಂಬರ್ ಉಂಟಾ ನಿಮ್ಮ ಹತ್ತಿರ?" ಎಂದಷ್ಟೇ ಕೇಳಿದ.

ಉಂಟು. ಹಳೆಯ ಡೈರಿಯಲ್ಲಿ, ಅವರೇ ಬರೆದುಕೊಟ್ಟದ್ದು. ಇದನ್ನು ಬರೆಯುವ ಹೊತ್ತಿಗೂ ನಾನು ಕರೆ ಮಾಡಿಲ್ಲ.